ರೌಂಡ್ ಮಾಡ್ಬಿಡಿ ಸಾರ್

ಆಟೊ ಮೀಟರಿನಲ್ಲಿ 54 ರೂಪಾಯಿ ಎಂದಿದ್ದರೆ ಅದನ್ನು 54 ಎಂದೇ ಓದುವ ಚಾಲಕರು ನಮ್ಮ ಹಲಸೂರಿನ ಕಡೆ ಕಡಿಮೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹಲಸೂರು ಕೆರೆಯ ಹತ್ತಿರ ಹತ್ತಿ ಸರಿಯಾಗಿ 3 ಕಿಲೋಮೀಟರ್ ಹೋಗಿ ಇಳಿದರೆ 54 ಆಗಲೇಬೇಕು. (ಮೀಟರ್ ಹಾಕುವ ಆಟೊ ಸಿಕ್ಕಿತು ಎಂದು ಇಟ್ಟುಕೊಳ್ಳಿ. ಗಣಿತದಲ್ಲಿ ಇಂಥ ಊಹೆಗಳಿಗೆ ಅವಕಾಶವಿದೆ.) ನಾವು ಜೇಬಿಗೆ ಕೈ ಹಾಕುವ ಮೊದಲೇ ಅವರು ಹಿಂದಕ್ಕೆ ತಿರುಗಿ, "ರೌಂಡ್ ಮಾಡ್ಬಿಡಿ ಸಾರ್" ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ಪ್ರಕಾರ 54ಕ್ಕೆ ಹತ್ತಿರದ ಹತ್ತು 50. ಆದರೆ ಅವರು ಹೇಳುತ್ತಿರುವುದು 60 ಎಂದು ಅವರಿಗೂ ಗೊತ್ತು, ನಮಗೂ ಗೊತ್ತು, ಗಾಜಿನ ಮೇಲೆ ಅಂಟಿಕೊಂಡಿರುವ ಶಂಕರ್‌ನಾಗ್‌ಗೂ ಗೊತ್ತು.

ಚಾಲಕರ ಆ ಮೂರು ಮಾತನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆದುಕೊಡುವುದೇ ನನ್ನ ಹೊಟ್ಟೆಪಾಡು. ನಾನು ಬಿಲ್ಲಿನ ಪ್ರೋಗ್ರಾಮ್ ಬರೆಯುವವನು. ಹೋಟೆಲಿನದಾಗಲಿ, ಆಸ್ಪತ್ರೆಯದಾಗಲಿ, ಪಾರ್ಕಿಂಗಿನದಾಗಲಿ, ಎಲ್ಲ ಬಿಲ್ಲೂ ಕೂಡಿ, ಕಳೆದು, ತೆರಿಗೆ ಹೇರಿಕೊಂಡು ಕೊನೆಗೆ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ: ಬಂದ ಸಂಖ್ಯೆಯನ್ನು ಐದರ ಮಗ್ಗಿಯಲ್ಲೋ ಹತ್ತರ ಮಗ್ಗಿಯಲ್ಲೋ ಸಿಗುವ ಸಂಖ್ಯೆಯನ್ನಾಗಿ ಮಾಡಿ. ಕೆಲಸ ಒಂದೇ ಸಾಲಿನದು. 37ನ್ನು 10ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 7. ಪೂರ್ಣಾಂಕಗಳ ಭಾಗಾಕಾರದಲ್ಲಿ ಕಂಪ್ಯೂಟರ್ ಶೇಷವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಉಳಿದ 3ನ್ನು ಮತ್ತೆ 10ರಿಂದ ಗುಣಿಸಿದರೆ 30. ಇದು ಕೆಳಕ್ಕೆ ಇಳಿಸುವ ವಿಧಾನ. ಮೇಲಕ್ಕೆ ಏರಿಸಬೇಕೆ? ಭಾಗಿಸುವ ಮೊದಲೇ 9 ಸೇರಿಸಿ. 46 ಆಗುತ್ತದೆ, ಭಾಗಿಸಿದರೆ 4, ಗುಣಿಸಿದರೆ 40. ಹತ್ತಿರದ್ದು ಯಾವುದೋ ಅದು ಬೇಕೆಂದರೆ 9ರ ಬದಲು 5 ಸೇರಿಸಿ. 37 ಹೋಗಿ 40 ಆಗುತ್ತದೆ, 34 ಇಳಿದು 30 ಆಗುತ್ತದೆ. ಇಷ್ಟೇ ವಿದ್ಯೆ. ಇಷ್ಟಕ್ಕೇ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ ಎಂದರೆ ಅಮ್ಮ ಕೊನೆಯವರೆಗೂ ನಂಬಲಿಲ್ಲ.

ಕೆಳಕ್ಕೆ ಇಳಿಸುವುದಕ್ಕೆ ನೆಲ, ಮೇಲಕ್ಕೆ ಏರಿಸುವುದಕ್ಕೆ ಚಾವಣಿ, ಅಂದರೆ ಫ್ಲೋರ್ ಮತ್ತು ಸೀಲಿಂಗ್, ಎಂದು ಹೆಸರಿಟ್ಟವರು ಕೆನೆತ್ ಐವರ್ಸನ್, 1962ರಲ್ಲಿ. ಎಕ್ಸೆಲ್‌ನಲ್ಲೂ ಇದೇ ಹೆಸರಿನ ಸೂತ್ರಗಳಿವೆ. ಮನೆ ಕಟ್ಟುವವರ ಭಾಷೆಯನ್ನು ಗಣಿತಕ್ಕೆ ತಂದ ಆ ಮಹಾನುಭಾವರು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಲ್ಲ. ಇದ್ದಿದ್ದರೆ ನೆಲವೂ ಪ್ರತಿ ವರ್ಷ ಏರುತ್ತದೆ ಎಂದು ಗೊತ್ತಾಗುತ್ತಿತ್ತು.

ಸೇರಿಸುವುದು 9ನ್ನೇ, 10 ಅಲ್ಲ, ಎಂಬಲ್ಲಿ ಎಂಥವರೂ ಒಮ್ಮೆ ಮುಗ್ಗರಿಸುತ್ತಾರೆ. ಇಂದಿರಾನಗರದ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಬಲು ವಿಶ್ವಾಸದಿಂದ 10 ಸೇರಿಸಿದ್ದ.

"ಹತ್ತರ ಮಗ್ಗಿ ಅಂದ್ಮೇಲೆ ಹತ್ತೇ ಸೇರಿಸ್ಬೇಕಲ್ವಾ ಸಾರ್?"

"37 ಹಾಕಿ ನೋಡು."

40 ಬಂತು. ಅವನ ಮುಖ ಅರಳಿತು.

"ಈಗ 40 ಹಾಕು."

50 ಬಂತು. ಸರಿಯಾಗಿ ನಲವತ್ತು ಕೊಡಬೇಕಾದವನ ಕೈಯಿಂದ ಐವತ್ತು ಕೀಳುವ ಪ್ರೋಗ್ರಾಮ್. ಹುಡುಗ ಸ್ವಲ್ಪ ಹೊತ್ತು ತೆರೆಯನ್ನೇ ನೋಡುತ್ತಿದ್ದು, "ಸಾರ್, ನಮ್ಮ ಪಿಜಿ ಓನರ್ ಕರೆಂಟ್ ಬಿಲ್ಲಿಗೆ ಇದೇ ಫಾರ್ಮುಲಾ ಹಾಕ್ತಾರೆ ಅನ್ಸುತ್ತೆ" ಎಂದ. ಅವನು ಮುಂದೆ ಬರುತ್ತಾನೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಏರಿಸಲಿ ಇಳಿಸಲಿ, ಶೇಷ ಎಲ್ಲಿಗೋ ಹೋಗಲೇಬೇಕು. ಒಂದೋ ಕೊಟ್ಟವನ ಜೇಬಿನಲ್ಲಿ ಉಳಿಯುತ್ತದೆ, ಇಲ್ಲವೇ ತೆಗೆದುಕೊಂಡವನ ಗಲ್ಲಾಪೆಟ್ಟಿಗೆಯಲ್ಲಿ ಬೀಳುತ್ತದೆ. ಯಂತ್ರಕ್ಕೆ ಇದನ್ನು ಮೊದಲೇ ಹೇಳಿಡಬೇಕು. ಮನುಷ್ಯರು ನಿಂತ ನಿಲುವಿನಲ್ಲಿ ಮಾತಾಡಿಕೊಂಡು ತೀರ್ಮಾನಿಸುತ್ತಾರೆ, ಅಥವಾ ತೀರ್ಮಾನಿಸುತ್ತಿದ್ದರು. ನಾನು ಯಂತ್ರದ ಪರವಾಗಿ ದುಡಿದವನಾದರೂ ನನ್ನ ಒಲವೆಲ್ಲ ಆ ಎರಡನೆಯವರ ಕಡೆಗೇ.

ಇದು ರಕ್ತದಲ್ಲೇ ಬಂದದ್ದು. ನಮ್ಮಪ್ಪ ದೂರವಾಣಿನಗರದ ಐಟಿಐನಲ್ಲಿ ಗುಮಾಸ್ತರು, ಮನೆ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿ. 1957ರ ಏಪ್ರಿಲ್ 1ರಂದು ದೇಶದಲ್ಲಿ ನಯಾ ಪೈಸೆ ಬಂದಾಗ ಅವರಿಗೆ ಇನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ಲೆಕ್ಕ ಹಾಕಲು ಪುರಸೊತ್ತಿತ್ತು. ಅದುವರೆಗೆ ರೂಪಾಯಿಗೆ 16 ಆಣೆ, 64 ಕಾಸು, 192 ಪೈ. ಇನ್ನು ಮುಂದೆ 100 ನಯಾ ಪೈಸೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಆ ಕಾಲಿಗೆ ನಾಣ್ಯವಿಲ್ಲ. ಹೀಗಾಗಿ ಸರಕಾರವೇ ಒಂದು ಪಟ್ಟಿ ಮಾಡಿತು: 1 ಆಣೆಗೆ 6 ನಯಾ ಪೈಸೆ, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25. ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಿಡು, ಅರ್ಧಕ್ಕಿಂತ ಹೆಚ್ಚಿದ್ದರೆ ಒಂದೆಂದು ಎಣಿಸು. ಇಡೀ ದೇಶಕ್ಕೆ ದೇಶವೇ ಒಂದು ದಿನ ಬೆಳಗಾಗೆದ್ದು ರೌಂಡ್ ಮಾಡಲು ಕೂತದ್ದು ಅದೇ ಮೊದಲಿರಬೇಕು.

ಪಟ್ಟಿಯನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡ ಅಪ್ಪನಿಗೆ ಎರಡನೇ ಸಾಲಿನಲ್ಲಿ ಬಂಗಾರ ಕಂಡಿತು. 2 ಆಣೆ ಎಂದರೆ ಕರಾರುವಾಕ್ಕಾಗಿ ಹನ್ನೆರಡೂವರೆ, ಪಟ್ಟಿಯಲ್ಲಿ 12. 4 ಆಣೆಯ ಕಾಫಿಪುಡಿ ಒಟ್ಟಿಗೆ ಕೊಂಡರೆ 25. ಅದನ್ನೇ ಎರಡಾಣೆಯಂತೆ ಎರಡು ಸಲ ಕೊಂಡರೆ 12 ಮತ್ತು 12, ಒಟ್ಟು 24. ಒಂದು ನಯಾ ಪೈಸೆ ಉಳಿತಾಯ! ಅಪ್ಪ ಬೆಳಿಗ್ಗೆ ಎರಡಾಣೆಯದು, ಸಂಜೆ ಎರಡಾಣೆಯದು ತರಲು ಶುರು ಮಾಡಿದರಂತೆ. ಬಜಾರ್ ಬೀದಿಯ ಅಂಗಡಿಯ ಮೊದಲಿಯಾರರು ಒಂದೆರಡು ವಾರ ಸುಮ್ಮನಿದ್ದು, ಒಂದು ಸಂಜೆ ಕೇಳಿದರು: "ಏನ್ ಸ್ವಾಮಿ, ಬೆಳಿಗ್ಗೆ ತಾನೇ ತಗೊಂಡು ಹೋದ್ರಲ್ಲ?"

"ಅದು ಬೆಳಗಿನದು."

"ಹಂಗಾ" ಎಂದು ಮೊದಲಿಯಾರರು ಪೊಟ್ಟಣ ಕಟ್ಟಿಕೊಟ್ಟರು. ಮರುದಿನ ಅಪ್ಪ ಹೋದಾಗ ಅಂಗಡಿಯಲ್ಲಿ ಎರಡಾಣೆಯ ಪೊಟ್ಟಣವೇ ಇಲ್ಲ. ಎಲ್ಲವೂ ಮೂರಾಣೆಯವು. ಮೂರಾಣೆ ಎಂದರೆ ಹದಿನೆಂಟೂ ಮುಕ್ಕಾಲು, ಪಟ್ಟಿಯಲ್ಲಿ 19. ಕಾಲು ಪೈಸೆ ಈಗ ಗಲ್ಲದ ಕಡೆಗೆ. ಇವರ ಪರ್ಸಿನಲ್ಲಿದ್ದ ಪಟ್ಟಿಯೇ ಅವರ ಗೋಡೆಯ ಮೇಲೂ ಇತ್ತು ಎಂಬುದನ್ನು ಅಪ್ಪ ಮರೆತಿದ್ದರು. ಆಮೇಲೆ ಇಬ್ಬರೂ ಬಹಳ ವರ್ಷ ಸ್ನೇಹಿತರಾಗಿದ್ದರು. ಅಪ್ಪನ ಬಾಯಲ್ಲಿ ಈ ಕಥೆ ಎಷ್ಟೆಷ್ಟು ರೌಂಡ್ ಆಗಿ ನನ್ನವರೆಗೆ ಬಂದಿದೆಯೋ ಗೊತ್ತಿಲ್ಲ, ಆದರೆ ಲೆಕ್ಕ ಮಾತ್ರ ಸರಿಯಿದೆ. ನಾನು ತಾಳೆ ನೋಡಿದ್ದೇನೆ.

ಅಪ್ಪನೂ ಒಂದು ರೌಂಡಿಂಗಿನ ಫಲವೇ. ಹುಟ್ಟಿದ್ದು ನವರಾತ್ರಿಯ ಮೂರನೆಯ ದಿನ. ಶಾಲೆಗೆ ಸೇರಿಸಲು ಕರೆದೊಯ್ದ ಅಜ್ಜನಿಗೆ ಅಷ್ಟು ಗೊತ್ತಿತ್ತು, ಇಂಗ್ಲಿಷ್ ತಾರೀಖು ಗೊತ್ತಿರಲಿಲ್ಲ. ಹೆಡ್‌ಮಾಸ್ತರರು ಸಾಲಾಗಿ ನಿಂತ ಮಕ್ಕಳಿಗೆಲ್ಲ ಬರೆಯುತ್ತಿದ್ದಂತೆ ಅಪ್ಪನಿಗೂ ಜೂನ್ 1 ಎಂದು ಬರೆದರು. ಕರ್ನಾಟಕದಲ್ಲಿ ಆ ತಲೆಮಾರಿನ ಎಷ್ಟು ಜನ ಜೂನ್ ಒಂದರಂದೇ ಹುಟ್ಟಿದ್ದಾರೆ ಎಂದು ಪಿಂಚಣಿ ಕಡತಗಳನ್ನು ನೋಡಿದವರನ್ನು ಕೇಳಬೇಕು. ಹನ್ನೆರಡು ತಿಂಗಳ ಮಗ್ಗಿಯಲ್ಲಿ ಕೆಳಕ್ಕೆ ಇಳಿಸಿದ ಲೆಕ್ಕ. ಅಪ್ಪ ನಾಲ್ಕು ತಿಂಗಳು ಮೊದಲೇ ನಿವೃತ್ತರಾಗಿ, ಆ ನಾಲ್ಕು ತಿಂಗಳ ಸಂಬಳವನ್ನು ಹೆಡ್‌ಮಾಸ್ತರರ ಖಾತೆಗೆ ಬರೆದು ಬದುಕಿರುವವರೆಗೂ ಬೈದರು.

ಬೆಂಗಳೂರಿನ ಪೂರ್ವ ಭಾಗವನ್ನು ನೋಡಿದರೆ ಊರಿಗೆ ಊರೇ ಹತ್ತರ ಮಗ್ಗಿಯಲ್ಲಿ ಕಟ್ಟಿದಂತಿದೆ. ಇಂದಿರಾನಗರದಲ್ಲಿ 80 ಅಡಿ ರಸ್ತೆ, 100 ಅಡಿ ರಸ್ತೆ. ಸೈಟುಗಳು ಟ್ವೆಂಟಿ ತರ್ಟಿ, ತರ್ಟಿ ಫಾರ್ಟಿ, ಫಾರ್ಟಿ ಸಿಕ್ಸ್ಟಿ. ನೆಲ ಮಾತ್ರ ಹಾಗೆ ಹುಟ್ಟಿದ್ದಲ್ಲ. ಅದು ಎಕರೆ, ಗುಂಟೆಗಳಲ್ಲಿ ಹುಟ್ಟಿದ್ದು. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ, 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ, 43,560 ಚದರಡಿ. ಕೆ.ಆರ್. ಪುರದ ಕಡೆ ಹೊಲದಲ್ಲಿ ಕಲ್ಲು ನೆಟ್ಟು ಲೇಔಟ್ ಮಾಡುವವನು ರಸ್ತೆಯನ್ನೇ ಬಿಡದೆ ಎಕರೆಯನ್ನು 1,200 ಚದರಡಿಯ ಸೈಟುಗಳಾಗಿ ಹಂಚಿದರೂ 36 ಸೈಟು ಆಗಿ 360 ಚದರಡಿ ಉಳಿಯುತ್ತದೆ. (ರಸ್ತೆ ಬಿಡದ ಲೇಔಟುಗಳನ್ನು ನಾನು ನೋಡಿದ್ದೇನೆ, ಆದ್ದರಿಂದ ಇದು ಬರೀ ಊಹೆಯಲ್ಲ.) ಆ ಮೂಲೆಯ ಮುಕ್ಕು ಜಾಗ ಯಾರದು? ಮೊದಲು ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಬರುತ್ತದೆ. ಪಕ್ಕದಲ್ಲಿ ಇಸ್ತ್ರಿ ಗಾಡಿ ನಿಲ್ಲುತ್ತದೆ. ಒಂದು ರಾತ್ರಿ ಕಳೆದು ನೋಡಿದರೆ ಗಣಪತಿ ಕೂತಿರುತ್ತಾನೆ. ಭಾಗಾಕಾರದಲ್ಲಿ ಉಳಿದ ಶೇಷಕ್ಕೆ ಗುಡಿ ಕಟ್ಟಿದ ನಗರ ಇನ್ನೊಂದು ಇರಲಾರದು.

ಆದರೆ ಶೇಷದ ನಿಜವಾದ ಮಹಿಮೆ ತಿಳಿಯಬೇಕಾದರೆ ಬಸ್ಸು ಹತ್ತಬೇಕಿತ್ತು. ಬಿಎಂಟಿಸಿ ಆಗುವ ಮೊದಲು ಅದು ಬಿಟಿಎಸ್. ಶಿವಾಜಿನಗರದ ನಿಲ್ದಾಣದಲ್ಲಿ ಹತ್ತಿದರೆ ಹಲಸೂರು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರದವರೆಗೆ ಕಂಡಕ್ಟರರ ಬಾಯಲ್ಲಿ ಒಂದೇ ಪಲ್ಲವಿ: "ಚಿಲ್ರೆ ಕೊಡಿ, ಚಿಲ್ರೆ." ಚಿಲ್ಲರೆ ಇಲ್ಲದವನಿಗೆ ಟಿಕೆಟ್ಟಿನ ಬೆನ್ನ ಮೇಲೆ ಕಿವಿಯಲ್ಲಿದ್ದ ಪೆನ್ನು ತೆಗೆದು ಬಾಕಿ ಬರೆದುಕೊಡುತ್ತಿದ್ದರು. "ಇಳಿಯೋವಾಗ ಇಸ್ಕೊಳ್ಳಿ." ಸಂಸ್ಥೆಯ ಮೊಹರಿಲ್ಲ, ಸಹಿಯಿಲ್ಲ, ಒಂದು ಅಂಕಿ, ಅದರ ಸುತ್ತ ಒಂದು ಸೊನ್ನೆ. ಅಷ್ಟು ನಂಬಿಕೆಯ ಸಾಲಪತ್ರವನ್ನು ಯಾವ ಬ್ಯಾಂಕೂ ನನಗೆ ಕೊಟ್ಟಿಲ್ಲ. ಇಳಿಯುವ ಸ್ಟಾಪು ಬರುವ ಹೊತ್ತಿಗೆ ಕಂಡಕ್ಟರು ಮುಂದಿನ ಬಾಗಿಲಲ್ಲಿ, ನಾವು ಹಿಂದಿನ ಬಾಗಿಲಲ್ಲಿ, ನಡುವೆ ಇಡೀ ದೂರವಾಣಿನಗರದ ಸೆಕೆಂಡ್ ಶಿಫ್ಟು.

ಇದಕ್ಕಿಂತ ದೊಡ್ಡ ಉಪಾಯ ಅವರ ಹತ್ತಿರ ಇನ್ನೊಂದಿತ್ತು. ಒಂದು ಸಂಜೆ ಟಿನ್ ಫ್ಯಾಕ್ಟರಿಯ ಹತ್ತಿರ ಇಳಿಯುವಾಗ ನನಗೆ 4 ರೂಪಾಯಿ ಬರಬೇಕು, ನನ್ನ ಹಿಂದೆ ನಿಂತಿದ್ದ ಕನ್ನಡಕದ ಹಿರಿಯರೊಬ್ಬರಿಗೆ 6. ಕಂಡಕ್ಟರು ನಮ್ಮಿಬ್ಬರ ಟಿಕೆಟ್ಟನ್ನೂ ಒಮ್ಮೆ ನೋಡಿ, ಒಂದು ಹತ್ತರ ನೋಟನ್ನು ಅವರ ಕೈಗಿಟ್ಟು, "ಇಬ್ರೂ ಹಂಚ್ಕೊಳ್ಳಿ" ಎಂದು ರೈಟ್ ಕೊಟ್ಟೇಬಿಟ್ಟರು. ಬಸ್ಸು ಹೊರಟಿತು. ಜೀವಮಾನದಲ್ಲಿ ಒಬ್ಬರನ್ನೊಬ್ಬರು ನೋಡಿರದ ನಾವಿಬ್ಬರು ಒಂದು ನೋಟಿಗೆ ಜಂಟಿ ಹಕ್ಕುದಾರರಾಗಿ ಧೂಳಿನಲ್ಲಿ ನಿಂತೆವು. ಬೀಡಾ ಅಂಗಡಿಯವನು ಚಿಲ್ಲರೆ ಇಲ್ಲವೆಂದ. ಹಣ್ಣಿನವಳು ತಲೆಯೆತ್ತಲಿಲ್ಲ. ಕೊನೆಗೆ ಹಿರಿಯರೇ, "ಬನ್ನಿ, ಒಂದು ಬೈ ಟೂ ಹೇಳಿಬಿಡೋಣ" ಎಂದರು.

ಕಾಫಿಗೆ 5 ರೂಪಾಯಿ. ಕುಡಿಯುವಾಗ ಅವರು ಮಗಳ ಮದುವೆಯ ಮಾತಾಡಿದರು, ನಾನು ಕೆಲಸದ ಮಾತಾಡಿದೆ. ಸಂಖ್ಯೆಗಳನ್ನು ಐದರ ಮಗ್ಗಿಗೆ ತರುವುದು ಎಂದಾಗ ಅವರು ಗಂಭೀರವಾಗಿ ತಲೆಯಾಡಿಸಿ, "ಸರ್ಕಾರಿ ಕೆಲಸವಾ?" ಎಂದು ಕೇಳಿದರು. ಗಲ್ಲದಿಂದ ಐದು ಒಂದೊಂದು ರೂಪಾಯಿಯ ನಾಣ್ಯ ಬಂದವು. ಈಗ ಲೆಕ್ಕ ನೋಡಿ. ಕಾಫಿಯ ಪಾಲು ತಲಾ ಎರಡೂವರೆ. ನನ್ನ 4ರಲ್ಲಿ ಕಳೆದರೆ ಒಂದೂವರೆ, ಅವರ 6ರಲ್ಲಿ ಕಳೆದರೆ ಮೂರೂವರೆ. ಇಬ್ಬರದೂ ಅರ್ಧದಲ್ಲಿ ನಿಂತಿದೆ. ಮೇಲಕ್ಕೆ ಏರಿಸಿದರೆ 2 ಮತ್ತು 4, ಒಟ್ಟು ಆರು. ಮೇಜಿನ ಮೇಲಿರುವುದು ಐದು. ಕೆಳಕ್ಕೆ ಇಳಿಸಿದರೆ 1 ಮತ್ತು 3, ಒಂದು ನಾಣ್ಯ ಅನಾಥ. ನಾನು ಮನಸ್ಸಿನಲ್ಲೇ ಪ್ರೋಗ್ರಾಮ್ ಬರೆಯುತ್ತಿರುವಾಗ ಅವರು 2 ನಾಣ್ಯ ನನ್ನ ಕಡೆ ತಳ್ಳಿ, 3 ತಮ್ಮ ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡಿ, ನೀವಿನ್ನೂ ಚಿಕ್ಕೋರು" ಎಂದು ಎದ್ದರು. ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವ ರೌಂಡಿಂಗ್ ಸೂತ್ರ ಇದುವರೆಗೆ ಯಾವ ಭಾಷೆಯಲ್ಲೂ ಬಂದಿಲ್ಲ.

ಈ ಅರ್ಧವೇ ತಕರಾರಿನ ಮೂಲ. 1957ರ ಪಟ್ಟಿ ಅರ್ಧವನ್ನು ಕೆಳಕ್ಕೆ ತಳ್ಳಿತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 288ಎ ಮತ್ತು 288ಬಿ ಕಲಮುಗಳಿದ್ದವು. ಅವು ನಮ್ಮ ಕಸುಬಿನ ಧರ್ಮಶಾಸ್ತ್ರವಾಗಿದ್ದವು: ಆದಾಯವನ್ನೂ ತೆರಿಗೆಯನ್ನೂ ಹತ್ತರ ಮಗ್ಗಿಗೆ ತನ್ನಿ, ಪೈಸೆ ಇದ್ದರೆ ಮರೆತುಬಿಡಿ, ಕೊನೆಯ ಅಂಕಿ 5 ಅಥವಾ ಹೆಚ್ಚಿದ್ದರೆ ಮೇಲಕ್ಕೆ ಏರಿಸಿ. ಅದೇ ಸರಕಾರ, ಅರ್ಧ ಮಾತ್ರ ಪಕ್ಷ ಬದಲಿಸಿತ್ತು. 2008ರ ಕೊನೆಯಲ್ಲಿ ಬಂದ ಪೈಥಾನ್ 3 ಇನ್ನೂ ಸೂಕ್ಷ್ಮ. ನಡುಮಧ್ಯೆ ನಿಂತ ಸಂಖ್ಯೆಯನ್ನು ಅದು ಸಮಸಂಖ್ಯೆಯ ಕಡೆಗೆ ಕಳಿಸುತ್ತದೆ. 25ನ್ನು ಹತ್ತಕ್ಕೆ ರೌಂಡ್ ಮಾಡೆಂದರೆ 20 ಎನ್ನುತ್ತದೆ, 35ನ್ನು ಮಾಡೆಂದರೆ 40. ಒಮ್ಮೆ ಕೊಟ್ಟವನಿಗೆ, ಒಮ್ಮೆ ತೆಗೆದುಕೊಂಡವನಿಗೆ. ನೂರಾರು ಬಿಲ್ಲುಗಳಲ್ಲಿ ಪಕ್ಷಪಾತ ಅಳಿಸಿಹೋಗುತ್ತದೆ ಎಂಬುದು ವಾದ. ವಾದವೇನೋ ಸರಿ. ಆದರೆ 25 ಕೊಡಬೇಕಾದವನಿಗೆ 20 ಎಂದು, ಹಿಂದೆಯೇ ನಿಂತ 35ರವನಿಗೆ 40 ಎಂದು ಶಿವಾಜಿನಗರದಲ್ಲಿ ನಿಂತು ಹೇಳಿ ನೋಡಿ.

ಪಕ್ಷಪಾತ ಅಳಿಸದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ನಮ್ಮ ಕಸುಬಿನವರ ಬಾಯಲ್ಲಿ ಪುರಾಣವಾಗಿದೆ. 1982ರ ಜನವರಿಯಲ್ಲಿ ಅದರ ಸೂಚ್ಯಂಕ 1000ದಿಂದ ಶುರುವಾಯಿತು. ದಿನಕ್ಕೆ ಸಾವಿರಾರು ಸಲ ಲೆಕ್ಕ ಹಾಕುವಾಗ ಪ್ರತಿ ಸಲವೂ ದಶಮಾಂಶದ ಮೂರನೆಯ ಸ್ಥಾನದ ಆಚೆಗಿನದನ್ನು ರೌಂಡ್ ಮಾಡದೆ ಸುಮ್ಮನೆ ಕತ್ತರಿಸುತ್ತಿದ್ದರು. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ಇರಬೇಕಿತ್ತು. ಪೇಟೆ ಏರುತ್ತಿದ್ದರೂ ಅಂಕಿ ಇಳಿಯುತ್ತಿತ್ತು, ಎರಡು ವರ್ಷದ ಹತ್ತಿರಹತ್ತಿರ. ನಮ್ಮ ಬಸ್ಸಿನಲ್ಲಾಗಿದ್ದರೆ ಎರಡನೇ ಸ್ಟಾಪಿಗೆ ಮೊದಲೇ ಜಗಳವಾಗಿ ವಿಷಯ ಹೊರಗೆ ಬೀಳುತ್ತಿತ್ತು.

ಸಾಲದ ಲೆಕ್ಕವಂತೂ ಇನ್ನೂ ಸ್ವಾರಸ್ಯ. ನೀವು ನನಗೆ 37 ಕೊಡಬೇಕು ಎಂಬುದನ್ನು ಪ್ರೋಗ್ರಾಮಿನಲ್ಲಿ ನಿಮ್ಮ ಹೆಸರಿನ ಮುಂದೆ −37 ಎಂದು ಬರೆದುಕೊಳ್ಳುತ್ತೇನೆ. ಹತ್ತರಿಂದ ಭಾಗಿಸಿ ಮತ್ತೆ ಗುಣಿಸಿದರೆ ಸಿ ಭಾಷೆ ಸೊನ್ನೆಯ ಕಡೆಗೆ ಬಂದು −30 ಎನ್ನುತ್ತದೆ. ಪೈಥಾನ್ ಕೆಳಗಿಳಿದು −40 ಎನ್ನುತ್ತದೆ. ಒಂದು ನಿಮ್ಮ ಏಳು ರೂಪಾಯಿ ಮನ್ನಾ ಮಾಡುತ್ತದೆ, ಇನ್ನೊಂದು ಮೂರು ರೂಪಾಯಿ ಮೇಲೆ ಹೇರುತ್ತದೆ. ಸಾಲ ಮಾಡುವವರು ಬಡ್ಡಿ ದರ ಕೇಳುವ ಮೊದಲು ಯಾವ ಭಾಷೆಯಲ್ಲಿ ಬರೆದಿದ್ದೀರಿ ಎಂದು ಕೇಳುವುದು ಕ್ಷೇಮ.

ಎಲ್ಲೆಡೆಯೂ ತೆಗೆದುಕೊಂಡವನೇ ಗೆಲ್ಲುತ್ತಾನೆ ಎಂದೇನಿಲ್ಲ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಕಮಾನಿನ ಕೆಳಗೆ ಅರ್ಧ ಕೆಜಿ ಹುರುಳಿಕಾಯಿ ತೂಗಿದ ಮೇಲೆ, ದಖನಿ, ತಮಿಳು, ಕನ್ನಡ ಬೆರೆತ ಒಂದು ಮಾತಿನಲ್ಲಿ ಚೌಕಾಸಿ ಮುಗಿದ ಮೇಲೆ, ವ್ಯಾಪಾರಿ ಇನ್ನೊಂದು ಹಿಡಿ ಎತ್ತಿ ತಟ್ಟೆಗೆ ಹಾಕುತ್ತಿದ್ದ. ಅದು ಕೊಸರು. ಕರಿಬೇವು, ಎರಡು ಹಸಿಮೆಣಸಿನಕಾಯಿಗಳಿಗೆ ದುಡ್ಡು ಕೇಳುವುದು ಅವನ ಗೌರವಕ್ಕೆ ಕಡಿಮೆ. ದುಡ್ಡು ಅವನ ಕಡೆಗೆ ರೌಂಡ್, ಸೊಪ್ಪು ನಮ್ಮ ಕಡೆಗೆ ರೌಂಡ್. ಕೊಸರು ಹಾಕದವನ ಅಂಗಡಿಗೆ ಅಮ್ಮ ಎರಡನೇ ಸಲ ಹೋಗುತ್ತಿರಲಿಲ್ಲ. ಕೊಸರು ಹಾಕಿದವನು ತೂಕದಲ್ಲಿ ಹೊಡೆದಿದ್ದರೂ ಕ್ಷಮಿಸುತ್ತಿದ್ದಳು.

ಇನ್ನು ಮದುವೆಮನೆಯ ಮುಯ್ಯಿಗೆ ರೌಂಡ್ ಸಂಖ್ಯೆಯೇ ಆಗದು. ನೂರು ಕೊಟ್ಟರೆ ಲೆಕ್ಕ ಮುಗಿದುಹೋಯಿತು ಎಂದರ್ಥ, ಆದ್ದರಿಂದ 101. ನಮ್ಮ ಬೀದಿಯ ತೆಲುಗಿನವರಾದರೆ 116. ಆ ಒಂದು ರೂಪಾಯಿಯ ನಾಣ್ಯವನ್ನು ಈಗ ಲಕೋಟೆಗೇ ಅಂಟಿಸಿ ಮಾರುತ್ತಾರೆ, ಮರೆತು ರೌಂಡ್ ಆಗಿ ಕೊಟ್ಟುಬಿಟ್ಟಾರೆಂದು. ಆಫೀಸಿನಲ್ಲಿ ಹಗಲೆಲ್ಲ ಶೇಷವನ್ನು ಅಳಿಸುವ ನಾನು ಸಂಜೆ ಅದನ್ನು ಮತ್ತೆ ಸೇರಿಸಿ ಅಕ್ಷತೆ ಹಾಕಿ ಬರುತ್ತೇನೆ.

2011 ನನ್ನ ಪಾಲಿಗೆ ಗಡಿರೇಖೆ. ಆ ವರ್ಷ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ಮುಗಿಯಿತು. ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಹೊರಟಿತು, ನಮ್ಮ ಇಂದಿರಾನಗರ, ಹಲಸೂರುಗಳ ತಲೆಯ ಮೇಲೆ. ಮೆಟ್ರೊ ನನ್ನ ಜಾತಿಯವರು ಬರೆದ ಯಂತ್ರ. 2025ರ ಫೆಬ್ರವರಿ 9ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ 2 ಕಿಲೋಮೀಟರಿನವರೆಗೆ 10, 4ರವರೆಗೆ 20, 6ರವರೆಗೆ 30, ಹೀಗೆ ಏರುತ್ತ 25 ದಾಟಿದರೆ 90 ಇತ್ತು. ಎಲ್ಲವೂ ಹತ್ತರ ಮಗ್ಗಿ, ಎಲ್ಲವೂ ಚಾವಣಿಯ ಕಡೆಗೆ. ಆ ಪಟ್ಟಿಯಲ್ಲಿ ಎರಡು ಕಿಲೋಮೀಟರಿಗೆ ಒಂದು ಗೇಣು ಹೆಚ್ಚಾದರೂ 20 ಆಗುತ್ತಿತ್ತು. "ಸ್ವಲ್ಪ ನೋಡ್ಕೊಂಡು ಹಾಕಿ" ಎಂದು ಗೇಟಿಗೆ ಹೇಳಲಾಗದು. ಇಷ್ಟು ಅಚ್ಚುಕಟ್ಟಾಗಿ ರೌಂಡ್ ಮಾಡಿದ ಮೇಲೆ ಸ್ಮಾರ್ಟ್ ಕಾರ್ಡಿಗೆ ಶೇಕಡಾ 5 ರಿಯಾಯಿತಿ ಬೇರೆ. ಅಂದರೆ 10 ರೂಪಾಯಿಯ ಪ್ರಯಾಣಕ್ಕೆ ಕಾರ್ಡಿನಿಂದ ಹೋಗುವುದು ಒಂಬತ್ತೂವರೆ! ರಸೆಲ್ ಮಾರ್ಕೆಟ್ಟಿನಲ್ಲಿ ಭಿಕ್ಷುಕರೂ ಹಿಂದಿರುಗಿಸುವ ಎಂಟಾಣೆ ಆ ಕಾರ್ಡಿನೊಳಗೆ ಸುಖವಾಗಿ ಓಡಾಡಿಕೊಂಡಿದೆ. ನಮ್ಮ ಪ್ರೋಗ್ರಾಮುಗಳಲ್ಲೂ ಅಷ್ಟೇ. ದಶಮಾಂಶ ತಂದರೆ ತಪ್ಪು ನುಸುಳುತ್ತದೆಂದು ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುತ್ತೇವೆ. 500 ರೂಪಾಯಿ ಎಂದರೆ ಒಳಗೆ 50000. ಬೀದಿಯಲ್ಲಿ ಸತ್ತ ಪೈಸೆಗೆ ನಾವು ಪುನರ್ಜನ್ಮ ಕೊಟ್ಟಿದ್ದೇವೆ, ಆದರೆ ಅದನ್ನು ಯಾರ ಕೈಗೂ ಕೊಡುವುದಿಲ್ಲ.

ಬಸ್ಸಿನಲ್ಲೂ ಕಾಲ ಬದಲಾಯಿತು. 2025ರ ಜನವರಿ 5ರಂದು ಬಿಎಂಟಿಸಿ ದರ ಶೇಕಡಾ 15 ಏರಿ, 5 ರೂಪಾಯಿಯ ಟಿಕೆಟ್ 6 ಆಯಿತು, 10ರದು 12. ಐದರ ಮಗ್ಗಿ ತಪ್ಪಿದ್ದು ಕಂಡು ನನಗೆ ಗುಟ್ಟಾಗಿ ಖುಷಿಯಾಗಿತ್ತು: ಚಿಲ್ಲರೆ ಬಂತು, ಮಾತು ಬರುತ್ತದೆ, ಟಿಕೆಟ್ಟಿನ ಬೆನ್ನಿಗೆ ಮತ್ತೆ ಬರಹ ಬರುತ್ತದೆ! ಬರಲಿಲ್ಲ. ಕಂಡಕ್ಟರ ಕೊರಳಲ್ಲಿ ಕ್ಯೂಆರ್ ಚೀಟಿ ನೇತಾಡುತ್ತಿತ್ತು. ಹನ್ನೆರಡೆಂದರೆ ಹನ್ನೆರಡೇ ಹೋಗುತ್ತದೆ. ಹೆಂಗಸರಿಗಂತೂ 2023ರ ಜೂನ್ 11ರಿಂದ ಟಿಕೆಟ್ಟೇ ಸೊನ್ನೆ, ಸೊನ್ನೆ ಎಲ್ಲ ಮಗ್ಗಿಯಲ್ಲೂ ಇದೆ. ಮೊನ್ನೆ ಟಿನ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಬಹಳ ಜನ ಇಳಿದರು. ಯಾರಿಗೂ ಯಾರಿಂದಲೂ ಏನೂ ಬರಬೇಕಾಗಿರಲಿಲ್ಲ.

ಹಲಸೂರು ಮೆಟ್ರೊ ಮೆಟ್ಟಿಲ ಬುಡದಲ್ಲಿ ಹೂ ಮಾರುವ ಅಮ್ಮನೊಬ್ಬರಿದ್ದಾರೆ. ಅವರ ಬುಟ್ಟಿಯ ಪಕ್ಕದಲ್ಲೂ ಈಗ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ. ಕಾಕಡ ಮೊಳಕ್ಕೆ 30 ಎಂದರು. ಮೊಣಕೈಯಿಂದ ನಡುಬೆರಳ ತುದಿಗೆ ಸರಿಯಾಗಿ ಅಳೆದು, ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸುವುದರಲ್ಲಿದ್ದರು.

"ಕೊಸರು ಹಾಕಲ್ವೇನಮ್ಮ?" ಎಂದೆ.

ದಾರ ಬಿಟ್ಟು ಅವರು ಡಬ್ಬಿಯನ್ನು ತೋರಿಸಿದರು. "ಅದಕ್ಕೆ ನೀವು ಕೊಸರು ಹಾಕಿ ಸಾರ್, ನಾನು ಇದಕ್ಕೆ ಹಾಕ್ತೀನಿ."

ನ್ಯಾಯವೆನ್ನಿಸಿತು. ಜೀವಮಾನವೆಲ್ಲ ಐದರ ಮಗ್ಗಿ ಬರೆದವನ ಬೆರಳು 35 ಒತ್ತಿತು. ಡಬ್ಬಿ ಮೂವತ್ತೈದು ರೂಪಾಯಿ ಬಂದಿದೆ ಎಂದು ಇಡೀ ಬೀದಿಗೆ ಕೇಳುವಂತೆ ಸಾರಿತು. ಅಮ್ಮ ಧಾರಾಳವಾಗಿ ಮೊಳದ ಮೇಲೆ ನಾಲ್ಕು ಬೆರಳು ಹೂ ಬಿಟ್ಟು ದಾರ ಕಡಿದರು. ಎಷ್ಟೋ ವರ್ಷದ ಮೇಲೆ ಸಿಕ್ಕಿದ ಕೊಸರು ಎಂದು ಹಿಗ್ಗಿ ಮೆಟ್ಟಿಲು ಹತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಕಸುಬಿನ ಚಾಳಿ ಬಿಡಲಿಲ್ಲ. ಹಳೆಯ ಲೆಕ್ಕದಲ್ಲಿ ಒಂದು ಮೊಳಕ್ಕೆ 24 ಅಂಗುಲ, ನಾಲ್ಕು ಬೆರಳೆಂದರೆ 4 ಅಂಗುಲ, ಮೊಳದ ಆರನೆಯ ಒಂದು ಪಾಲು. 30ರಲ್ಲಿ ಆರನೆಯ ಒಂದು ಪಾಲು 5. ಕೊಸರೂ ಇಲ್ಲ, ಶೇಷವೂ ಇಲ್ಲ. ಅಮ್ಮ ಪೈಸೆಗೆ ಪೈಸೆ ಲೆಕ್ಕ ಹಾಕಿ ಮಾರಿದ್ದರು.